ಸೈಕಲ್ ವ್ಯಾಯಾಮಕ್ಕೆ ಹೊಲದ ದಾರಿಯೇ ಅನುಪಾನ

ಔಷಧಕ್ಕೆ ಅನುಪಾನವೆಂಬುದು ಒಂದಿದೆ. ಒಂದೇ ಚೂರ್ಣವನ್ನು ಜೇನುತುಪ್ಪದಲ್ಲಿ ಕೊಟ್ಟರೆ ಒಂದು ಗುಣ, ತುಪ್ಪದಲ್ಲಿ ಕೊಟ್ಟರೆ ಇನ್ನೊಂದು, ಬಿಸಿನೀರಿನಲ್ಲಿ ಕೊಟ್ಟರೆ ಮತ್ತೊಂದು. ಔಷಧವನ್ನು ಹೇಳಿ ಅನುಪಾನವನ್ನು ಹೇಳದ ವೈದ್ಯನು ಅರ್ಧ ಚಿಕಿತ್ಸೆಯನ್ನು ಮಾತ್ರ ಮಾಡಿದಂತೆ. ಮೂವತ್ತಕ್ಕೂ ಹೆಚ್ಚು ವರ್ಷಗಳ ವೃತ್ತಿಯಲ್ಲಿ ಚೂರ್ಣ, ಕಷಾಯಗಳ ವಿಷಯದಲ್ಲಿ ನಾವು ಈ ತಪ್ಪನ್ನು ಮಾಡಿದ ನೆನಪಿಲ್ಲ. ಆದರೆ ವ್ಯಾಯಾಮದ ವಿಷಯದಲ್ಲಿ ಮಾಡಿದ್ದೇವೆ. ಅದನ್ನು ಸದ್ಭಕ್ತರ ಮುಂದೆ ಒಪ್ಪಿಕೊಂಡು, ಅದರಿಂದ ಕಲಿತದ್ದನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ಮಧುಮೇಹಕ್ಕಾಗಿ ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಿದ್ದರು. ಮೊಣಕಾಲು ನೋವಿನಿಂದಾಗಿ ಅವರಿಗೆ ಹೆಚ್ಚು ದೂರ ನಡೆಯಲು ಆಗುತ್ತಿರಲಿಲ್ಲ. ದೇಹದ ಭಾರ ಮೊಣಕಾಲಿನ ಮೇಲೆ ಬೀಳದ ವ್ಯಾಯಾಮವೆಂದು ಸೈಕಲ್ ತುಳಿಯಲು ಹೇಳಿದೆವು. ಮೇಷ್ಟ್ರು ಶಿಸ್ತಿನವರು, ಒಂದು ತಿಂಗಳ ಕಾಲ ತಪ್ಪದೆ ತುಳಿದರು. ರಕ್ತದ ಸಕ್ಕರೆ ಇಳಿಯತೊಡಗಿತ್ತು, ನಿದ್ರೆ ಚೆನ್ನಾಗಿ ಬರುತ್ತಿತ್ತು. ಒಂದು ನಸುಕಿನಲ್ಲಿ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ದೀಪವಿಲ್ಲದೆ ಎದುರು ದಿಕ್ಕಿನಿಂದ ಬಂದ ಮೋಟಾರ್ ಬೈಕ್ ಅವರಿಗೆ ಬಡಿಯಿತು. ತೊಡೆಯ ಮೂಳೆ ಮುರಿಯಿತು. ನೋಡಲು ಹೋದಾಗ ಹಾಸಿಗೆಯಲ್ಲಿ ಮಲಗಿದ್ದ ಅವರು ಸಿಟ್ಟಿಲ್ಲದೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಡಾಕ್ಟ್ರ, ಸೈಕಲ್ ತುಳೀರಿ ಅಂತ ಹೇಳಿದ್ರಿ. ಎಲ್ಲಿ ತುಳೀಬೇಕು ಅನ್ನೋದು ಹೇಳಲಿಲ್ಲಲ್ರೀ.”

ಔಷಧ ಸರಿಯಾಗಿಯೇ ಇತ್ತು, ಅನುಪಾನವನ್ನು ಹೇಳಿರಲಿಲ್ಲ. ಸೈಕಲ್ಲಿಗೆ ಅನುಪಾನವೆಂದರೆ ದಾರಿ.

ನಮ್ಮ ಶಾಸ್ತ್ರಕಾರರು ದಾರಿಯನ್ನು ಮರೆತಿರಲಿಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹದ ಅಧ್ಯಾಯವು ಹಣವಿಲ್ಲದ ರೋಗಿಗೆ ಹೇಳುವ ಚಿಕಿತ್ಸೆ ಆಶ್ಚರ್ಯಕರವಾಗಿದೆ. ಅವನು ಚಪ್ಪಲಿ, ಕೊಡೆಗಳಿಲ್ಲದೆ, ಭಿಕ್ಷೆಯ ಅನ್ನವನ್ನುಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ, ನೂರು ಯೋಜನ ಅಥವಾ ಅದಕ್ಕಿಂತ ಹೆಚ್ಚು ನಡೆಯಬೇಕು. ಇಲ್ಲವೇ ಬೇಸಾಯ ಮಾಡಬೇಕು, ಬಾವಿ ತೋಡಬೇಕು. ಚಪ್ಪಲಿಯ ವಿಷಯದಲ್ಲಿ ಮಾತ್ರ ನಾವು ಇಂದು ಅದನ್ನು ಅನುಸರಿಸಬಾರದು. ಸ್ಪರ್ಶಜ್ಞಾನ ಕುಂದಿದ ಮಧುಮೇಹಿಯ ಕಾಲಿಗೆ ಸಣ್ಣ ಮುಳ್ಳೂ ದೊಡ್ಡ ಹುಣ್ಣಾದೀತು. ಉಳಿದ ಆಶಯ ಇಂದಿಗೂ ಸತ್ಯ. ಕುಳಿತಲ್ಲೇ ಕುಳಿತ ದೇಹವು ಊರ ಹೊರಗೆ ಹೋಗಿ ಚಲಿಸಬೇಕು.

ಊರ ಹೊರಗೆ ಎಂದರೆ ಎಲ್ಲಿ? ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ತಾಲೂಕುಗಳನ್ನು ಸೀಳಿಕೊಂಡು ಹಿಂದೆ 4 ಎಂದು ಕರೆಯುತ್ತಿದ್ದ, ಈಗ 48 ಎನ್ನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ಹೋಗುತ್ತದೆ. ಅದು ಲಾರಿ, ಬಸ್ಸುಗಳ ದಾರಿ. ಅರವತ್ತು ದಾಟಿದವರ ವ್ಯಾಯಾಮಶಾಲೆಯಲ್ಲ. ಒಳಗಿನ ಡಾಂಬರು ರಸ್ತೆಗಳಲ್ಲಿ ಸುಗ್ಗಿಯ ಕಾಲಕ್ಕೆ ಗೋವಿನಜೋಳ ಒಣಗಲು ಹರಡಿರುತ್ತದೆ. ಕಾಳಿನ ಮೇಲೆ ಚಕ್ರ ಜಾರಿದರೆ ಮೈಮೂಳೆ ಉಳಿಯದು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ವಹಿವಾಟು ಏರಿದಾಗ ಪೇಟೆಯ ಸುತ್ತಲಿನ ರಸ್ತೆಗಳಲ್ಲಿ ವಾಹನಗಳ ಸಾಲು, ಗಾಳಿಯಲ್ಲಿ ಘಾಟು. ಶ್ವಾಸರೋಗಿಗಳಿಗೆ ಅಲ್ಲಿ ದೀರ್ಘ ಉಸಿರಾಟವನ್ನು ಹೇಳುವುದು ವೈದ್ಯಕೀಯವಲ್ಲ.

ಹಾಗಾದರೆ ಉಳಿದದ್ದು ಯಾವುದು? ನಮ್ಮ ಹಿರಿಯರು ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗುತ್ತಿದ್ದ ಬಂಡಿ ದಾರಿ; ಗರಸು ಹಾಕಿದ ಹೊಲದ ದಾರಿ; ಕೆರೆಯ ಏರಿಯ ದಾರಿ.

ಇದು ನಮ್ಮ ಹಳೆಯ ತಲೆಯ ವಿಚಾರವೆಂದು ಯುವಕರು ನಗಬೇಕಾಗಿಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಜಿಲ್ಲೆಯ ಮಕ್ಕಳನ್ನೇ ಕೇಳಿ ನೋಡಿ. ಅಲ್ಲಿ ರಜೆಯ ದಿನ ಬೆಳಗಿನ ಜಾವ ಎದ್ದು, ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡು, ಹೆಸರಘಟ್ಟದ ಕಡೆಗೋ ನಂದಿಬೆಟ್ಟದ ತಪ್ಪಲಿಗೋ ಹೋಗಿ ಮಣ್ಣಿನ ದಾರಿಗಳನ್ನು ಹುಡುಕಿ ತುಳಿಯುವವರಿದ್ದಾರೆ. ಅದಕ್ಕೆ ‘ಗ್ರ್ಯಾವೆಲ್ ಬೈಕಿಂಗ್’ ಎಂದು ಹೆಸರು. ಗ್ರ್ಯಾವೆಲ್ ಎಂದರೆ ನಮ್ಮ ಗರಸೇ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ 2006ರಿಂದ ಇಂತಹ ದಾರಿಗಳಲ್ಲಿ 200 ಮೈಲಿಗಳ ಸ್ಪರ್ಧೆ ನಡೆಯುತ್ತ ಬಂದಿದೆ. 2022ರಲ್ಲಿ ಇಟಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಸಹ ಆಯಿತು. ಇದಕ್ಕೆಂದೇ ತಯಾರಾಗುವ ಸೈಕಲ್ಲುಗಳಲ್ಲಿ ಲಕ್ಷ ರೂಪಾಯಿ ದಾಟುವವೂ ಇವೆ.

ಆ ಸೈಕಲ್ಲಿನ ವಿಶೇಷವೇನೆಂದು ವಿಚಾರಿಸಿದೆವು. ಡಾಂಬರಿನ ಮೇಲೆ ಓಡುವ ರೇಸ್ ಸೈಕಲ್ಲಿನ ಟೈರು 25ರಿಂದ 28 ಮಿಲಿಮೀಟರ್ ಅಗಲವಿದ್ದರೆ, ಇದರ ಟೈರು 35ರಿಂದ 50 ಮಿಲಿಮೀಟರಿನವರೆಗೆ ಅಗಲ. ಅಗಲವಾದ ಟೈರಿನಲ್ಲಿ ಗಾಳಿಯನ್ನು ತುಸು ಕಡಿಮೆ ಇಟ್ಟರೆ ಅದು ಕಲ್ಲಿನ ಕುಲುಕನ್ನು ತಾನೇ ನುಂಗಿಕೊಳ್ಳುತ್ತದೆ. ಅನಂತರ ಹಾಲು ಮಾರುವವರ ಹಳೆಯ ಕಪ್ಪು ಸೈಕಲ್ಲನ್ನು ನೋಡಿದೆವು. ಅದರ ಟೈರಿನ ಅಳತೆ 28 ಗುಣಿಸು ಒಂದೂವರೆ ಇಂಚು. ಎಂದರೆ ಅಗಲ ಸುಮಾರು 40 ಮಿಲಿಮೀಟರ್! ಗ್ರ್ಯಾವೆಲ್ ಸೈಕಲ್ಲಿನ ಹಗುರತನವೂ ಗೇರುಗಳೂ ಅದಕ್ಕಿಲ್ಲ, ನಿಜ. ಆದರೆ ಗರಸಿನ ದಾರಿಗೆ ಬೇಕಾದ ಟೈರು ಅದಕ್ಕೆ ಮೊದಲಿನಿಂದಲೂ ಇದೆ. ಹಾಲಿನ ಕ್ಯಾನುಗಳನ್ನು ಹೊತ್ತು ಅದು ಇದೇ ದಾರಿಗಳಲ್ಲಿ ಬಂದಿದೆ. ಸರ್ಕಾರವು 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳೂ ಅನೇಕ ಮನೆಗಳ ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತ ನಿಂತಿವೆ. ಆದ್ದರಿಂದ ಹೊಸದನ್ನು ಕೊಳ್ಳುವ ಮೊದಲು ಮನೆಯಲ್ಲಿರುವುದಕ್ಕೆ ಎಣ್ಣೆ ಹಾಕಿಸಿ, ಬ್ರೇಕು ಬಿಗಿಯಿಸಿರಿ.

ಗರಸಿನ ದಾರಿಯ ಗುಣವೇನು? ಸಡಿಲ ನೆಲದಲ್ಲಿ ಚಕ್ರಕ್ಕೆ ತಡೆ ಹೆಚ್ಚು. ಕಡಿಮೆ ವೇಗದಲ್ಲಿಯೇ ದೇಹಕ್ಕೆ ಸಾಕಷ್ಟು ಶ್ರಮ ದೊರೆಯುತ್ತದೆ. ವೇಗ ಕಡಿಮೆಯಾದಷ್ಟೂ ಬಿದ್ದರೆ ಆಗುವ ಪೆಟ್ಟೂ ಕಡಿಮೆ. ದಾರಿಯ ಏರುತಗ್ಗಿಗೆ ತಕ್ಕಂತೆ ಸೊಂಟ, ಬೆನ್ನು, ತೋಳುಗಳು ಸಮತೋಲವನ್ನು ಹುಡುಕುತ್ತಿರುತ್ತವೆ. ಮನಸ್ಸು ಮೊಬೈಲಿನ ಕಡೆಗೆ ಓಡಲಾರದು. ಎಲ್ಲಕ್ಕಿಂತ ಮಿಗಿಲಾಗಿ, ಹಿಂದಿನಿಂದ ಲಾರಿ ಬರುವ ಭಯವಿಲ್ಲ. ಭಯದಲ್ಲಿ ಮಾಡಿದ ವ್ಯಾಯಾಮವು ಆಯಾಸವನ್ನಷ್ಟೇ ಕೊಡುತ್ತದೆ.

ಇನ್ನು ಮಾತ್ರೆಯ ಪ್ರಮಾಣ. ವ್ಯಾಯಾಮವನ್ನು ಅರ್ಧ ಶಕ್ತಿಯಷ್ಟು ಮಾತ್ರ ಮಾಡಬೇಕೆಂಬುದು ಆಯುರ್ವೇದದ ನಿಯಮ. ಹಣೆ, ಮೂಗು, ಕಂಕುಳು, ಸಂಧಿಗಳಲ್ಲಿ ಬೆವರು ಮೂಡಿ, ಬಾಯಿ ಒಣಗತೊಡಗಿ, ಉಸಿರು ಬಾಯಿಂದ ಬರಲಾರಂಭಿಸಿದರೆ ಅರ್ಧ ಶಕ್ತಿ ವ್ಯಯವಾಯಿತೆಂದು ತಿಳಿದು ನಿಲ್ಲಿಸಬೇಕು. ಮರಳಿ ಬರುವ ದಾರಿಯೂ ಲೆಕ್ಕಕ್ಕಿದೆ ಎಂಬುದನ್ನು ಹೊಸಬರು ಮರೆಯುತ್ತಾರೆ, ಹೋಗುವಾಗಲೇ ದಣಿಯಬಾರದು. ಏರು ಬಂದರೆ ಇಳಿದು ನೂಕಿಕೊಂಡು ನಡೆಯಿರಿ, ಅದರಲ್ಲಿ ಅವಮಾನವೇನೂ ಇಲ್ಲ. ಹೇಮಂತ, ಶಿಶಿರ, ವಸಂತಗಳು ಇದಕ್ಕೆ ಪ್ರಶಸ್ತ. ಗ್ರೀಷ್ಮದಲ್ಲಿ ಸ್ವಲ್ಪವೇ ಸಾಕು. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ದಾರಿಗಿಳಿದರೆ ಚಕ್ರಕ್ಕೆ ಮಣ್ಣು ಮೆತ್ತಿ ಸೈಕಲ್ಲನ್ನು ನೀವೇ ಹೊತ್ತು ತರಬೇಕಾದೀತು. ಆಗ ಮಸಾರಿಯ ಇಲ್ಲವೇ ಗರಸಿನ ದಾರಿಯನ್ನಷ್ಟೇ ಆರಿಸಿರಿ.

ಎದೆನೋವು, ಉಬ್ಬಸ, ತಲೆಸುತ್ತು ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು. ಬೆನ್ನುಮೂಳೆಯ ತೊಂದರೆಯವರಿಗೆ ಕುಲುಕಾಟದಿಂದ ವಾತವು ಕೆರಳುತ್ತದೆ. ಅವರಿಗೆ ನಡಿಗೆಯೇ ಲೇಸು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೋಗದೆ, ಸ್ವಲ್ಪ ಅಂಬಲಿ ಕುಡಿದು, ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಂಡಿರಲಿ. ಮೈ ನಡುಗಿ ತಣ್ಣನೆಯ ಬೆವರು ಬಂದರೆ ಕೂಡಲೇ ನಿಂತು ತಿನ್ನಲಿ. ಕಾಲಿಗೆ ಬೂಟು, ತಲೆಗೆ ಹೆಲ್ಮೆಟ್, ಜೊತೆಗೆ ಒಬ್ಬರು ಇರಲಿ. ಪಂಕ್ಚರ್ ಸಾಮಾನೂ ಇರಲಿ. ಮೂತ್ರಕೃಚ್ಛ್ರಕ್ಕೆ ನಾವು ಕೊಡುವ, ದಶಮೂಲಗಳಲ್ಲಿ ಒಂದಾದ ಗೋಕ್ಷುರವೆಂಬುದು ಈ ದಾರಿಗಳ ನೆಗ್ಗಿಲು ಮುಳ್ಳೇ. ಮನುಷ್ಯನಿಗೆ ಅದು ಔಷಧ, ಟೈರಿಗೆ ಶತ್ರು.

ಎಲ್ಲಿಗೆ ಹೋಗುವುದು? ಹಾವೇರಿಯವರಿಗೆ ಹೆಗ್ಗೇರಿ ಕೆರೆಯ ಆಚೆಯ ಹೊಲಗಳ ಕಡೆಗೆ ಬೆಳಗಿನ ತಂಪು ಇದೆ. ಬ್ಯಾಡಗಿಯವರು ಕನಕದಾಸರ ಕಾಗಿನೆಲೆಯ ದಿಕ್ಕಿಗೆ, ಮುಖ್ಯ ರಸ್ತೆಯನ್ನು ಬಿಟ್ಟು ಹೊಲಗಳ ನಡುವೆ ಹೋಗಬಹುದು. ರಾಣೆಬೆನ್ನೂರಿನವರು, ಅಭ್ಯಾಸವಾದ ಮೇಲೆ, ಅಂಬಿಗರ ಚೌಡಯ್ಯನವರ ಸ್ಮರಣೆಯ, ಮುಕ್ತೇಶ್ವರ ದೇವಾಲಯವಿರುವ ಚೌಡಯ್ಯದಾನಪುರದ ಕಡೆಗೆ ತುಂಗಭದ್ರೆಯ ದಂಡೆಯನ್ನು ಗುರಿಯಾಗಿಟ್ಟುಕೊಳ್ಳಲಿ. ಆದರೆ 1974ರಲ್ಲಿ ಘೋಷಿತವಾದ, ಸುಮಾರು 119 ಚದರ ಕಿಲೋಮೀಟರಿನ ಕೃಷ್ಣಮೃಗ ವನ್ಯಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಸೈಕಲ್ ತಿರುಗಿಸಬೇಡಿ. ನಮ್ಮ ಆರೋಗ್ಯಕ್ಕಾಗಿ ಆ ಮೂಕಪ್ರಾಣಿಗಳನ್ನು ಬೆದರಿಸುವುದು ಧರ್ಮವಲ್ಲ.

ಇಷ್ಟು ಹೇಳಿದ ಮೇಲೆ ಒಂದು ನೋವಿನ ಮಾತನ್ನೂ ಹೇಳಬೇಕು. ಈ ದಾರಿಗಳು ನಮ್ಮ ಕಣ್ಣೆದುರಿಗೇ ಇಲ್ಲವಾಗುತ್ತಿವೆ. ಗ್ರಾಮ ನಕಾಶೆಯಲ್ಲಿ ಬಂಡಿ ದಾರಿಗೆ ಜೋಡಿ ಚುಕ್ಕೆಗಳ ಗೆರೆ, ಕಾಲುದಾರಿಗೆ ಒಂಟಿ ಚುಕ್ಕೆಗಳ ಗೆರೆ ಇರುತ್ತದೆ. ನಕಾಶೆ ಕಂಡ ದಾರಿ ಎಂದು ಹಿರಿಯರು ಹೇಳುವುದು ಇದನ್ನೇ. ಇತ್ತ ಹೊಲದವರು ವರ್ಷಕ್ಕೆ ಒಂದು ಸಾಲು, ಅತ್ತ ಹೊಲದವರು ವರ್ಷಕ್ಕೆ ಒಂದು ಸಾಲು ಒತ್ತುತ್ತ ಬಂದರೆ ನಡುವಿನ ದಾರಿ ಎಷ್ಟು ಕಾಲ ಉಳಿದೀತು? ಊರ ಅಂಚಿನಲ್ಲಿ ಲೇಔಟುಗಳು ನುಂಗಿದವು ಕೆಲವು. ಕಸ ಸುರಿದು ಮುಚ್ಚಿದವು ಕೆಲವು. ಜಾಲಿ ಬೆಳೆದು ಕಟ್ಟಿದವು ಕೆಲವು.

ಪೇಟೆಯ ವೈದ್ಯರು ಸೈಕಲ್ ತುಳಿಯಲೆಂದು ರೈತರು ಡಾಂಬರಿಲ್ಲದೆ ಕೆಸರಿನಲ್ಲಿರಬೇಕೇ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಊರಿಂದ ಊರಿಗೆ ಡಾಂಬರು ಬೇಕು, ಬೇಡವೆನ್ನಲು ನಾವಾರು? ಆದರೆ ಹೊಲದ ದಾರಿಗೆ ಬೇಕಾದದ್ದು ಗಟ್ಟಿಯಾದ ಗರಸು, ಪಕ್ಕದಲ್ಲಿ ನೀರು ಹರಿಯುವ ಕಾಲುವೆ, ನೆರಳಿಗೆ ಎರಡು ಬೇವು. ಇದು ರೈತನ ಟ್ರ್ಯಾಕ್ಟರಿಗೂ ಬೇಕು, ಮೇಷ್ಟ್ರ ಸೈಕಲ್ಲಿಗೂ ಬೇಕು. ಉದ್ಯೋಗ ಖಾತರಿಯ ಕೆಲಸದಲ್ಲಿ ಹೀಗೆ ಸುಧಾರಿಸಿದ ದಾರಿಗಳು ಅನೇಕ ಹಳ್ಳಿಗಳಲ್ಲಿವೆ. ಇಟಲಿಯ ಟಸ್ಕನಿ ಪ್ರಾಂತದಲ್ಲಿ 1997ರಲ್ಲಿ ‘ಎರೋಯಿಕಾ’ ಎಂಬ ಸೈಕಲ್ ಯಾತ್ರೆಯನ್ನು ಆರಂಭಿಸಿದ್ದರ ಒಂದು ಉದ್ದೇಶವೇ ಅಲ್ಲಿನ ಬಿಳಿ ಗರಸಿನ ದಾರಿಗಳನ್ನು ಉಳಿಸಿಕೊಳ್ಳುವುದಾಗಿತ್ತು. ಜನ ಬಳಸಿದ ದಾರಿ ಉಳಿಯುತ್ತದೆ.

ರೈತಾಪಿ ಭಕ್ತರಲ್ಲಿಯೂ ಒಂದು ಮಾತು. ಹೊಲಕ್ಕೆ ಮೋಟಾರ್ ಬೈಕಿನಲ್ಲಿ ಹೋಗಿ, ಯಂತ್ರದಿಂದ ಉಳಿಸಿ, ಬೈಕಿನಲ್ಲಿ ಮರಳುವವರಿಗೂ ಈಗ ನಾವು ಮಧುಮೇಹದ ಔಷಧವನ್ನು ಬರೆದುಕೊಡುತ್ತಿದ್ದೇವೆ. ಇಪ್ಪತ್ತು ವರ್ಷಗಳ ಹಿಂದೆ ಇದು ಅಪರೂಪವಾಗಿತ್ತು.

ಮೇಷ್ಟ್ರ ಮೂಳೆ ಕೂಡಿತು. ಕೋಲು ಹಿಡಿದು ನಡೆಯುತ್ತಾರೆ, ಸೈಕಲ್ ಮಾತ್ರ ಹತ್ತಲಾರರು. ಕಳೆದ ಚಳಿಗಾಲದಲ್ಲಿ ಅವರ ಮೊಮ್ಮಗನೊಡನೆ ನಾವೇ ಒಂದು ಬಂಡಿ ದಾರಿಯಲ್ಲಿ ಸೈಕಲ್ ತುಳಿದೆವು. ನಕಾಶೆಯಲ್ಲಿ ಮುಂದಿನ ಹಳ್ಳಿಯವರೆಗೆ ಗೆರೆ ಇತ್ತು. ನೆಲದಲ್ಲಿ ಅರ್ಧಕ್ಕೇ ಮುಗಿದು, ಮುಂದೆ ಕಡಲೆಯ ಹೊಲ. ಹೊಲದ ಯಜಮಾನರು ಒಳ್ಳೆಯವರು, ನೀರು ಕೊಟ್ಟರು. “ದಾರಿ ಇತ್ರೀ, ನಮ್ಮಪ್ಪನ ಕಾಲಕ್ಕ. ಈಗ ಯಾರೂ ಬರಂಗಿಲ್ಲ ಅಂತ ಬಿತ್ತೇನಿ” ಎಂದರು. ಅವರನ್ನು ದೂರಲು ನಮಗೆ ಬಾಯಿ ಬರಲಿಲ್ಲ. ಅಲ್ಲಿ ಹೋಗುವುದನ್ನು ಬಿಟ್ಟವರು ನಾವೇ ಅಲ್ಲವೇ?

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಎರಡೇ. ಹೊಲವುಳ್ಳವರು ಈ ವರ್ಷ ರಂಟೆ ಹೊಡೆಯುವಾಗ ದಾರಿಯ ಅಂಚನ್ನು ಒಂದು ಮೊಳ ಬಿಟ್ಟು ತಿರುಗಿಸಿರಿ. ಹೊಲವಿಲ್ಲದವರು ವಾರಕ್ಕೆ ಎರಡು ಬೆಳಗು, ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ, ಆ ದಾರಿಗಳಿಗೆ ಹೋಗಿ ಬನ್ನಿರಿ. ಅಡ್ಡ ಬಂದ ಜಾಲಿಯನ್ನು ಕಡಿದು ಬದಿಗಿಡಿರಿ. ಆ ಮೊಮ್ಮಗನಿಗೆ ಇನ್ನೊಂದು ದಾರಿಯನ್ನು ತೋರಿಸುವುದಾಗಿ ಮಾತು ಕೊಟ್ಟಿದ್ದೇವೆ. ಈ ಸಲ ಅದು ಮುಂದಿನ ಊರಿನವರೆಗೆ ಹೋಗಲಿ.