ತಕ್ಕಡಿಯೂ ಬಳಕೆದಾರನೇ?

ಲೆಕ್ಕಪತ್ರ ವಿಭಾಗದಲ್ಲಿ ನಾಲ್ವರು ಇರುವುದರಿಂದ ಡೇಟಾಬೇಸ್ ತಂತ್ರಾಂಶಕ್ಕೆ ನಾಲ್ಕು ಪರವಾನಗಿ ಸಾಕೆಂಬುದು ನಮ್ಮ ಅನೇಕ ಸಣ್ಣ ಉದ್ದಿಮೆದಾರರ ತಿಳಿವಳಿಕೆ. ಗೋದಾಮಿನ ಎಲೆಕ್ಟ್ರಾನಿಕ್ ತಕ್ಕಡಿ, ಬಾರ್‌ಕೋಡ್ ರೀಡರ್, ಕುಲುಮೆಯ ಉಷ್ಣತಾಮಾಪಕಗಳು ತಾವಾಗಿಯೇ ಸರ್ವರಿಗೆ ಅಂಕಿಅಂಶ ಕಳುಹಿಸತೊಡಗಿದ ಮೇಲೆ ಈ ತಿಳಿವಳಿಕೆ ಸಾಲದು.

ಒರಾಕಲ್ ಸಂಸ್ಥೆಯ ‘ನೇಮ್ಡ್ ಯೂಸರ್ ಪ್ಲಸ್’ ಪದ್ಧತಿಯಲ್ಲಿ, ಮನುಷ್ಯರು ನಡೆಸದ ಸಾಧನವೂ ಡೇಟಾಬೇಸನ್ನು ತಲುಪಬಲ್ಲದಾದರೆ ಒಬ್ಬ ಬಳಕೆದಾರನೆಂದೇ ಎಣಿಕೆಯಾಗುತ್ತದೆ. ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರ್ ಸ್ಟ್ಯಾಂಡರ್ಡ್ ಆವೃತ್ತಿಯನ್ನು ಕ್ಯಾಲ್ ಪದ್ಧತಿಯಲ್ಲಿ ಕೊಂಡವರು, ಸರ್ವರಿನ ಪರವಾನಗಿಯ ಜೊತೆಗೆ, ಬಳಕೆದಾರನಿಗೋ ಸಾಧನಕ್ಕೋ ಒಂದೊಂದು ಪ್ರವೇಶ ಪರವಾನಗಿ ಹೊಂದಿರತಕ್ಕದ್ದು. ಇದನ್ನೇ ಕ್ಯಾಲ್ ಎನ್ನುವುದು. ಮೂರು ಪಾಳಿಗಳ 30 ಕಾರ್ಮಿಕರು 10 ರೀಡರುಗಳನ್ನೇ ಹಂಚಿಕೊಂಡು ಬಳಸುವಲ್ಲಿ 10 ಸಾಧನ ಕ್ಯಾಲ್‌ಗಳು ಸಾಕು. 30 ಬಳಕೆದಾರ ಕ್ಯಾಲ್ ಕೊಳ್ಳುವುದು ದುಂದು.

ಹೆಚ್ಚಿನವರು ಎಡವುವುದು ಗೇಟ್‌ವೇ ವಿಷಯದಲ್ಲಿ. 40 ಸೆನ್ಸರುಗಳನ್ನು ಒಂದು ಪೆಟ್ಟಿಗೆಗೆ ಜೋಡಿಸಿ, ಅಲ್ಲಿಂದ ಸರ್ವರಿಗೆ ಒಂದೇ ಸಂಪರ್ಕ ಕೊಟ್ಟರೆ ಒಂದೇ ಪರವಾನಗಿ ಸಾಲುವುದೆಂಬ ಲೆಕ್ಕಾಚಾರ ನಡೆಯದು. ಇದಕ್ಕೆ ‘ಮಲ್ಟಿಪ್ಲೆಕ್ಸಿಂಗ್’ ಎಂದು ಹೆಸರು. ಎರಡೂ ಸಂಸ್ಥೆಗಳು ಪೆಟ್ಟಿಗೆಯ ಆಚೆಗಿರುವ ಸಾಧನಗಳನ್ನೇ ಎಣಿಸುತ್ತವೆ. (ಮುದ್ರಿತ ವರದಿ ಓದುವವರಿಗೆ ಮಾತ್ರ ಮೈಕ್ರೋಸಾಫ್ಟ್ ಕ್ಯಾಲ್ ಕೇಳುವುದಿಲ್ಲ, ಅಷ್ಟರಮಟ್ಟಿಗೆ ಉದಾರತೆ.)

ಎಣಿಕೆಯೇ ಬೇಡವೆನ್ನುವವರಿಗೆ ಎಸ್‌ಕ್ಯುಎಲ್ ಸರ್ವರಿನ 2012ರ ಆವೃತ್ತಿಯಿಂದ ಕೋರ್ ಲೆಕ್ಕದ ಪರವಾನಗಿ ಇದೆ. ಆಗ ಸಾಧನಗಳು ಎಷ್ಟಿದ್ದರೂ ಸರಿ. ಆದರೆ ಒಂದು ಪ್ರೊಸೆಸರಿಗೆ ಕನಿಷ್ಠ 4 ಕೋರ್‌ಗಳ ಶುಲ್ಕ ತೆರಬೇಕು. ಹಳೆಯ ಯಂತ್ರದಲ್ಲಿ ಎರಡೇ ಕೋರ್ ಇದ್ದರೂ ವಿನಾಯಿತಿಯಿಲ್ಲ.

ನಿಮಿಷಕ್ಕೊಮ್ಮೆ ಒಂದು ಅಂಕಿ ಕಳುಹಿಸುವ ಉಷ್ಣತಾಮಾಪಕವನ್ನೂ ದಿನವಿಡೀ ದುಡಿಯುವ ಗುಮಾಸ್ತನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ನಿಯಮ ನ್ಯಾಯವೆಂದು ನನಗೆ ತೋರುವುದಿಲ್ಲ. ಕಚೇರಿಗಳನ್ನು ಕಣ್ಣಮುಂದಿಟ್ಟು ರೂಪಿಸಿದ ಪದ್ಧತಿಯನ್ನು ಕಾರ್ಖಾನೆಯ ಮೇಲೆ ಹೇರಿದಂತಿದೆ. ಪೀಣ್ಯದಂತಹ ಪ್ರದೇಶದ ಸಣ್ಣ ಘಟಕಗಳು ಮೊದಲು ಪೋಸ್ಟ್‌ಗ್ರೆ ಎಸ್‌ಕ್ಯುಎಲ್ ಕಡೆ ನೋಡುವುದು ಲೇಸು. ಅದಕ್ಕೆ ಪರವಾನಗಿ ಶುಲ್ಕವಿಲ್ಲ, ಸಾಧನಗಳ ಎಣಿಕೆಯೂ ಇಲ್ಲ; ನಿರ್ವಹಣೆ ಬಲ್ಲವರ ಸಂಬಳ ಮಾತ್ರ ತಪ್ಪಿದ್ದಲ್ಲ. ಮೈಕ್ರೋಸಾಫ್ಟಿನದೇ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಗೂ ಕ್ಯಾಲ್ ಬೇಡ, ಆದರೆ 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸ್ 10 ಗಿಗಾಬೈಟ್ ಮೀರುವಂತಿಲ್ಲ.

ಶುಲ್ಕದ ತಂತ್ರಾಂಶವನ್ನೇ ಕೊಳ್ಳುವವರು ಮುಂದಿನ ಮೂರು ವರ್ಷಗಳಲ್ಲಿ ಸೇರಲಿರುವ ಸಾಧನಗಳನ್ನೂ ಒಳಗೊಂಡ ಪಟ್ಟಿಯನ್ನು ಮಾರಾಟಗಾರರಿಗೆ ಕೊಟ್ಟು, ಎಷ್ಟು ಪರವಾನಗಿ, ಯಾವ ಪದ್ಧತಿಯಲ್ಲಿ ಎಂಬುದನ್ನು ದರಪಟ್ಟಿಯಲ್ಲೇ ಬರೆಸಿ ಸಹಿ ಪಡೆಯಬೇಕು. ಬಾಯಿಮಾತಿನ ಭರವಸೆ ತಪಾಸಣೆಯ ದಿನ ಎದುರಿಗೆ ಬರುವುದಿಲ್ಲ.