ಸಾಲದ ಲೆಕ್ಕ ಇದೆ, ಎಣ್ಣಿಯ ಲೆಕ್ಕ ಎಲ್ಲಿ?

ನಮ್ಮ ಬೈಲಹೊಂಗಲ ಕಡೆ ಕ್ರಿಮಿನಾಶಕಕ್ಕೆ ‘ಎಣ್ಣಿ’ ಅಂತಾರೆ. ಹತ್ತಿಗೆ ಎಣ್ಣಿ ಹೊಡೆದು ಬಂದ ದಿನ ನಮ್ಮ ಕಾಕಾ ಊಟ ಮಾಡ್ತಿರಲಿಲ್ಲ. ತಲೆನೋವು, ಕೈನಡುಕ, ರಾತ್ರಿಯಿಡೀ ನಿದ್ದೆ ಇಲ್ಲ, ಸಣ್ಣ ಮಾತಿಗೂ ಸಿಡುಕು. ‘ಎಣ್ಣಿ ವಾಸನಿ ಹಿಡದೈತಿ, ನಾಳೆ ಸರಿ ಹೋಗ್ತೈತಿ’ ಅಂತ ಆಯಿ ಮಜ್ಜಿಗೆ ಕೊಡ್ತಿದ್ದಳು. ಆ ಎಣ್ಣಿ ಮಿದುಳನ್ನೂ ಮುಟ್ಟುತ್ತೆ ಅಂತ ನನಗೆ ತಿಳಿದಿದ್ದು ಬಹಳ ತಡವಾಗಿ.

ಮೊನೊಕ್ರೊಟೊಫಾಸ್, ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಎಲ್ಲವೂ ಆರ್ಗನೋಫಾಸ್ಫೇಟ್ ಗುಂಪಿನವು. ನರದಿಂದ ನರಕ್ಕೆ ಸಂದೇಶ ಒಯ್ಯುವ ರಾಸಾಯನಿಕವನ್ನು ಕೆಲಸ ಮುಗಿದ ಮೇಲೆ ಒಡೆಯುವ ಕಿಣ್ವವೊಂದಿದೆ. ಈ ವಿಷಗಳು ಅದನ್ನೇ ಕಟ್ಟಿಹಾಕುತ್ತವೆ. ಹುಳ ಸಾಯೋದು ಹಾಗೆ. ಅದೇ ಕಿಣ್ವ ಪಂಪು ಹೊತ್ತವನ ಮೈಯಲ್ಲೂ ಇದೆ. ಅಮೆರಿಕದಲ್ಲಿ 1993ರಿಂದ ನಡೆದಿರುವ ಕೃಷಿಕರ ಆರೋಗ್ಯ ಅಧ್ಯಯನದಲ್ಲಿ, ಒಮ್ಮೆ ಕ್ರಿಮಿನಾಶಕದ ವಿಷಬಾಧೆಗೆ ಒಳಗಾದವರಲ್ಲಿ ಖಿನ್ನತೆ ಹೆಚ್ಚಾಗಿ ಕಂಡುಬಂದಿದೆ. ಇದೊಂದೇ ಕಾರಣ ಅಂತ ಯಾರೂ ಹೇಳಲಾರರು. ಆದರೆ ಕೇಳಲೇಬೇಕಾದ ಪ್ರಶ್ನೆಯಂತೂ ಹೌದು.

ನಮ್ಮಲ್ಲಿ ಅದನ್ನು ಕೇಳುವವರು ಯಾರು? ಬೈಲಹೊಂಗಲ ಉಪವಿಭಾಗಕ್ಕೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳು ಸೇರುತ್ತವೆ. ರೈತ ಆತ್ಮಹತ್ಯೆಯಾದರೆ ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿ ಉತಾರ ನೋಡುತ್ತೆ, ಸಾಲದ ಕಾಗದ ನೋಡುತ್ತೆ. ಒಪ್ಪಿದರೆ 5 ಲಕ್ಷ ರೂಪಾಯಿ ಪರಿಹಾರ. ಆತ ಎಷ್ಟು ವರ್ಷ ಯಾವ ಎಣ್ಣಿ ಹೊಡೆದ ಅನ್ನೋದು ಲೆಕ್ಕಕ್ಕೆ ಬರೋದಿಲ್ಲ. ದಿನಗೂಲಿಗೆ ಪಂಪು ಹೊರುವವನ ಹೆಸರಂತೂ ಉತಾರದಲ್ಲೇ ಇರೋದಿಲ್ಲ.

ಇಲ್ಲೊಂದು ಅಪಾಯವೂ ಇದೆ. ‘ಮನಸ್ಸಿನ ಕಾಯಿಲೆ’ ಅಂದ ಕೂಡಲೇ ಸರ್ಕಾರ ಸಾಲ, ಬೆಲೆಗಳ ಹೊಣೆಯಿಂದ ಜಾರಿಕೊಳ್ಳಬಹುದು. 2002ರ ಜಿ.ಕೆ. ವೀರೇಶ್ ಸಮಿತಿ ಕುಡಿತ, ಕೌಟುಂಬಿಕ ಕಾರಣಗಳಿಗೆ ಒತ್ತು ಕೊಟ್ಟಾಗ ಬಂದ ಟೀಕೆಯೂ ಇದೇ. ಆದರೆ ಎಣ್ಣಿಯ ಪ್ರಶ್ನೆ ಎತ್ತಿದರೆ ಹೊಣೆ ರೈತನ ತಲೆಗೆ ಬರೋದಿಲ್ಲ. ಅದನ್ನು ತಯಾರಿಸಿದವರು, ಮಾರಲು ಬಿಟ್ಟವರು ಉತ್ತರಿಸಬೇಕಾಗುತ್ತೆ.

ಬಿಟ್ಟಿದ್ದು ಎಷ್ಟು ಕಾಲ? ಮೊನೊಕ್ರೊಟೊಫಾಸನ್ನು ಶ್ರೀಲಂಕಾ 1995ರಲ್ಲೇ ನಿಲ್ಲಿಸಿತು. ಮುಂದೆ ಇನ್ನಷ್ಟು ವಿಷಗಳನ್ನು ತೆಗೆದಂತೆ ಅಲ್ಲಿ ಆತ್ಮಹತ್ಯೆ ಪ್ರಮಾಣ ಭಾರಿ ಇಳಿಯಿತು. ನಮ್ಮಲ್ಲಿ 2013ರಲ್ಲಿ ಬಿಹಾರದ ಶಾಲೆಯೊಂದರ ಬಿಸಿಯೂಟದಲ್ಲಿ ಇದೇ ವಿಷ ಸೇರಿ 23 ಮಕ್ಕಳು ಸತ್ತರು. ಅದರ 36 ಎಸ್‌ಎಲ್ ದ್ರಾವಣದ ಮಾರಾಟ ನಿಲ್ಲಿಸುವ ಆದೇಶ ಬಂದಿದ್ದು 2023ರಲ್ಲಿ, ಅದೂ ಇದ್ದ ದಾಸ್ತಾನಿಗೆ ಅವಧಿ ಮುಗಿಯುವವರೆಗೆ ವಿನಾಯಿತಿ ಕೊಟ್ಟು.

ಬೇಕಿರೋದು ದೊಡ್ಡದೇನಲ್ಲ. ಎಣ್ಣಿ ಹೊಡೆಯುವ ಹಂಗಾಮಿಗೆ ಮೊದಲು, ಆಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಕೋಲಿನೆಸ್ಟರೇಸ್ ರಕ್ತಪರೀಕ್ಷೆ ಆಗಲಿ. ‘ನಿದ್ದೆ ಇಲ್ರೀ’ ಅಂತ ಬಂದವರಿಗೆ ‘ಏನು ಹೊಡೀತೀರಿ?’ ಅಂತ ಡಾಕ್ಟರ್ ಕೇಳಲಿ. ಅಗತ್ಯವಿದ್ದರೆ ಪಕ್ಕದ ಧಾರವಾಡದ ಡಿಮ್ಹಾನ್ಸ್‌ಗೆ ಕಳಿಸಲಿ. ಸಮಿತಿಯ ವರದಿಯಲ್ಲಿ ಎಣ್ಣಿಗೂ ಒಂದು ಕಾಲಂ ಇರಲಿ.

ಈ ಹಂಗಾಮಿಗೆ ಊರಿಗೆ ಹೋದಾಗ ನಿಮ್ಮ ಅಪ್ಪ, ಕಾಕಾ ಯಾವ ಡಬ್ಬಿ ತಂದಿದ್ದಾರೆ ನೋಡಿ. ರಾತ್ರಿ ನಿದ್ದೆ ಬರ್ತೈತೇನು ಅಂತಾನೂ ಕೇಳಿ. ಉತ್ತರ ಗಾಬರಿ ಹುಟ್ಟಿಸಿದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಅದು ಉಚಿತ. ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ.