ಕಲ್ಲುಗೋಡೆಯ ಎರಡು ಬದಿ

'ಸಫಾರಿ' ಎಂಬುದು ಸ್ವಾಹಿಲಿ ಭಾಷೆಯ ಮಾತು. ಪ್ರಯಾಣವೆಂದು ಅದರ ಅರ್ಥ. ಅರಬ್ಬಿ ಮೂಲದಿಂದ ಬಂದ ಈ ಮಾತು ನಮಗೆ ಪರಿಚಿತವಾದ 'ಸಫರ್' ಎಂಬುದರ ಒಡಹುಟ್ಟು. ಆದರೆ ಇಂದು ಅದನ್ನು ಕೇಳಿದೊಡನೆ ಕಣ್ಣಿಗೆ ಕಟ್ಟುವುದು ಜೀಪು, ದುರ್ಬೀನು, ದೂರದಲ್ಲೊಂದು ಸಿಂಹ. ಕುಳಿತಲ್ಲಿಂದ ಏಳದೆ ನೋಡಿ ಬರುವುದಕ್ಕೆ ಪ್ರಯಾಣವೆಂಬ ಹೆಸರು ಸಲ್ಲದೆಂದು ನನ್ನ ಅಭಿಪ್ರಾಯ.

ಉಗಾಂಡ ದೇಶದ ನೈಋತ್ಯ ಮೂಲೆಯಲ್ಲಿ ಮ್ಗಹಿಂಗಾ ಎಂಬ ರಾಷ್ಟ್ರೀಯ ಉದ್ಯಾನವಿದೆ. ವಿಸ್ತಾರದಲ್ಲಿ ಚಿಕ್ಕದು, ಸುಮಾರು 34 ಚದರ ಕಿಲೋಮೀಟರು ಮಾತ್ರ. ಬೆಟ್ಟವೇರುವುದು, ವಾನರಗಳನ್ನು ಅರಸುವುದು, ಹಳ್ಳಿಯವರನ್ನು ಕಾಣುವುದು ಇವು ಮೂರೂ ಅಲ್ಲಿ ಕಾಲ್ನಡಿಗೆಯಲ್ಲೇ ಸಾಧ್ಯ. ಬೆಟ್ಟವೇ ಮೊದಲಾಗಬೇಕೆಂಬುದು ನನ್ನ ಹಟ. ಅಲ್ಲಿಯ ಸಬಿನ್ಯೊ ಆರಿಹೋದ ಅಗ್ನಿಪರ್ವತ. ಮುದುಕನ ಹಲ್ಲೆಂದು ಆ ಹೆಸರಿಗೆ ಅರ್ಥ ಹೇಳುತ್ತಾರೆ. ಮೊನಚುಮೊನಚಾದ ಅದರ ಶಿಖರಗಳಿಗೆ ಹೆಸರು ಒಪ್ಪುತ್ತದೆ. ಮರದ ಏಣಿಗಳನ್ನು ಹತ್ತಿ ತುದಿ ಮುಟ್ಟಿದವನು ಉಗಾಂಡ, ರುವಾಂಡ, ಕಾಂಗೋ ಈ ಮೂರು ದೇಶಗಳು ಕೂಡುವೆಡೆಯಲ್ಲಿ ನಿಂತಿರುತ್ತಾನೆ. ಗಡಿಯ ಗುರುತು ಮೇಲೆ ಕಾಣದು. ಕೆಳಗಾದರೋ ಕಾಡಿನ ಅಂಚಿನುದ್ದಕ್ಕೂ ಕಲ್ಲಿನ ಗೋಡೆಯಿದೆ. ಕಾಡೆಮ್ಮೆಗಳು ಬೆಳೆಗೆ ನುಗ್ಗದಿರಲೆಂದು ಕಟ್ಟಿದ್ದು ಅದು. ಗೋಡೆಯ ಈಚೆಗೆ ಆಲೂಗಡ್ಡೆಯ ಹೊಲ. ಆಚೆಗೆ ಬಿದಿರು ಮೆಳೆ, ಹೊಂಬಣ್ಣದ ಕೋತಿ, ಗೊರಿಲ್ಲಾ.

ಪರ್ವತ ಗೊರಿಲ್ಲಾಗಳ ಸಂತತಿ ಅಳಿದೇಹೋಯಿತೆಂದು ಒಂದು ಕಾಲಕ್ಕೆ ಲೋಕವು ಭಯಪಟ್ಟಿತ್ತು. 1981ರಲ್ಲಿ ವಿರುಂಗಾ ಪರ್ವತಗಳಲ್ಲಿ ಎಣಿಸಿದಾಗ ಇದ್ದುದು 254. 2016ರ ವೇಳೆಗೆ ಅವು 604 ಆಗಿದ್ದವು. ಪ್ರವಾಸಿಗಳು ತೆತ್ತ ಹಣವು ಈ ಏಳಿಗೆಗೆ ನೆರವಾಯಿತೆಂಬುದನ್ನು ಮರೆಯಲಾಗದು. ಅವುಗಳ ಮುಂದೆ ನಮ್ಮ ನಡತೆಯೂ ಎಷ್ಟು ವಿನಯದ್ದು! ಒಂದು ಗುಂಪಿಗೆ ದಿನಕ್ಕೆ ಎಂಟೇ ಮಂದಿ, ಒಂದೇ ಗಂಟೆಯ ದರ್ಶನ, ದೂರದಲ್ಲೇ ನಿಲ್ಲಬೇಕು, ನೆಗಡಿಯಿದ್ದವನು ಹೋಗಲೇಕೂಡದು. ನಮ್ಮ ರೋಗ ಅವಕ್ಕೆ ತಗಲೀತೆಂಬ ಎಚ್ಚರ.

ಇಷ್ಟು ಎಚ್ಚರ ಕಲಿತವನು ಹಳ್ಳಿಗೆ ಬಂದೊಡನೆ ಕೇಳದೆಯೇ ಗುಡಿಸಲಿಗೆ ನುಗ್ಗಿ, ಮುದುಕಿಯ ಮುಖಕ್ಕೆ ಕ್ಯಾಮೆರಾ ಹಿಡಿಯಬಹುದೆ?

ಅಲ್ಲಿಯ ಬಟ್ವಾ ಜನರು ತಲೆತಲಾಂತರದಿಂದ ಈ ಕಾಡಿನಲ್ಲೇ ಬೇಟೆಯಾಡಿ, ಜೇನು ಕಿತ್ತು ಬಾಳಿದವರು. 1991ರಲ್ಲಿ ಕಾಡು ರಾಷ್ಟ್ರೀಯ ಉದ್ಯಾನವಾದಾಗ ಅವರು ಗೋಡೆಯ ಈಚೆಗೆ ಬಿದ್ದರು. ಉಳಲು ನೆಲವಿಲ್ಲ, ಕೈಗೆ ಬೇಸಾಯ ಬಾರದು. ನೆರೆಯವರ ಹೊಲದಲ್ಲಿ ಕೂಲಿಯೇ ಗತಿ. ಪರಿಹಾರ ಕೊಡದೆ ಅವರನ್ನು ಹೊರಹಾಕಿದ್ದು ಅನ್ಯಾಯವೆಂದು ಉಗಾಂಡದ ಸಂವಿಧಾನ ನ್ಯಾಯಾಲಯ ತೀರ್ಪಿತ್ತದ್ದು 2021ರಲ್ಲಿ, ಅಂದರೆ ಮೂವತ್ತು ವರ್ಷಗಳ ಮೇಲೆ. ಗೊರಿಲ್ಲಾ ಉಳಿಯಿತೆಂದು ಹಿಗ್ಗುವವನು ಆ ಉಳಿವಿಗೆ ಯಾರು ಬೆಲೆ ತೆತ್ತರೆಂಬುದನ್ನೂ ಅರಿಯಬೇಡವೆ?

ಬಡವರನ್ನು ನೋಡಲು ಹೋಗುವುದೇ ಅಸಭ್ಯತೆ, ಆದುದರಿಂದ ಹಳ್ಳಿಯ ಭೇಟಿಯೇ ಬೇಡವೆನ್ನುವವರುಂಟು. ಅವರ ಸಂಕೋಚ ಒಳ್ಳೆಯದೇ. ಆದರೆ ಅದರಿಂದ ಬಟ್ವಾ ಜನರು ಮತ್ತಷ್ಟು ಮರೆಗೆ ಸರಿಯುತ್ತಾರೆ. ನೋಡಲು ಹೋಗುವುದು ಬೇರೆ, ಕೇಳಲು ಹೋಗುವುದು ಬೇರೆ. ಮ್ಗಹಿಂಗಾದಲ್ಲಿ ಬಟ್ವಾ ಜನರೇ ಮುಂದಾಳಾಗಿ ಪ್ರವಾಸಿಯನ್ನು ಕಾಡಿಗೆ ಕರೆದೊಯ್ಯುವ ದಾರಿಯೊಂದಿದೆ. ಕಡ್ಡಿ ತಿಕ್ಕಿ ಬೆಂಕಿ ಹುಟ್ಟಿಸುವುದನ್ನೂ, ಯಾವ ಎಲೆ ಯಾವ ಬೇನೆಗೆ ಎಂಬುದನ್ನೂ ಅವರು ತೋರಿಸುತ್ತಾರೆ. ಅಷ್ಟು ಹೊತ್ತು ಅವರು ಗುರುಗಳು, ನಾವು ಶಿಷ್ಯರು. ತಮ್ಮದೇ ಆಗಿದ್ದ ಕಾಡಿಗೆ ಅವರು ಹೀಗೆ ಮಾರ್ಗದರ್ಶಕರಾಗಿ ಮರಳಬೇಕಾಗಿ ಬಂದುದು ನೋವಿನ ಸಂಗತಿಯೇ. ದಾರಿಯ ಕೊನೆಯಲ್ಲಿ ಗರಾಮ ಎಂಬ ಗವಿ. ಅವರ ಹಿರಿಯರು ನೆಲಸಿದ್ದ ತಾಣ. ಅದರ ಕತ್ತಲೆಯಲ್ಲಿ ಬಟ್ವಾ ಜನರು ಹಾಡುತ್ತಾರೆ. ಅಲ್ಲಿ ದುರ್ಬೀನು ಕೆಲಸಕ್ಕೆ ಬಾರದು.